ನೆಗೊಂಬೊ ಮರಳಿನಲ್ಲಿ ಮೋಟಾರ್ ಸೈಕಲ್ಲಿಗಾಗಿ ಕಾದದ್ದು

ಸಿಂಹಳ ದ್ವೀಪಕ್ಕೆ ಹೋಗಿ ಬಂದೆನೆಂದು ತಿಳಿದ ಕೂಡಲೇ ಜನರು ಕೇಳುವ ಪ್ರಶ್ನೆಗಳು ಸಾಮಾನ್ಯವಾಗಿ ಒಂದೇ ಬಗೆಯವು. ಸೀತೆಯನ್ನು ಇಟ್ಟಿದ್ದ ಅಶೋಕವನ ನೋಡಿದಿರಾ? ಬುದ್ಧನ ಹಲ್ಲನ್ನು ಇಟ್ಟಿರುವ ಗುಡಿ ಹೇಗಿದೆ? ಮುತ್ತು ಅಲ್ಲಿ ಅಗ್ಗವಂತೆ, ನಿಜವೇ? ಇವಕ್ಕೆ ಸಮರ್ಪಕವಾದ ಉತ್ತರ ಕೊಡಲಾರದೆ ನಾನು ತಡವರಿಸಿದಾಗ ಕೇಳಿದವರ ಮುಖದಲ್ಲಿ ಒಂದು ಬಗೆಯ ಕನಿಕರ ಮೂಡುತ್ತದೆ. ಸತ್ಯವೇನೆಂದರೆ, ನನ್ನ ವಿದೇಶ ಪ್ರವಾಸದ ಬಹುಭಾಗವು ಮೀನುಗಾರರ ಒಂದು ಊರಿನಲ್ಲಿ, ಸಮುದ್ರದ ಮರಳಿನ ಮೇಲೆ, ಒಂದು ಮರದ ಪೆಟ್ಟಿಗೆಯ ದಾರಿ ನೋಡುತ್ತ ಕಳೆದುಹೋಯಿತು. ಪ್ರೇಕ್ಷಣೀಯ ಸ್ಥಳಗಳ ವರ್ಣನೆಯನ್ನು ಬಯಸುವ ಓದುಗರು ಇಲ್ಲಿಗೇ ನಿಲ್ಲಿಸಿದರೆ ನನಗೆ ಬೇಸರವಿಲ್ಲ. ಆದರೆ ಆ ಮರಳಿನ ಮೇಲೆ ನಕ್ಕಷ್ಟು ನಾನು ಅದಕ್ಕೆ ಮೊದಲು ಎಲ್ಲಿಯೂ ನಕ್ಕಿರಲಿಲ್ಲ. ಅದನ್ನು ಬರೆದಿಡುವುದು ಉಚಿತವೆಂದು ಭಾವಿಸಿದ್ದೇನೆ.

ಹರಿಹರ

ನಾನು ಹರಿಹರದ ಪ್ರೌಢಶಾಲೆಯೊಂದರಲ್ಲಿ ಭೂಗೋಳವನ್ನೂ ಇಂಗ್ಲಿಷನ್ನೂ ಬೋಧಿಸುತ್ತೇನೆ. ನನ್ನ ತಂದೆಯವರು ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ನೂಲಿನ ಖಾತೆಯ ಕಾರ್ಮಿಕರು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಆದ್ದರಿಂದ ನಾನು ಏನು ಮಾಡಿದರೂ ಪದವೀಧರರು ಮಾಡುವುದೇ ಹಾಗೆಂದು ಮನೆಯವರೆಲ್ಲರೂ ನಂಬುತ್ತಾರೆ. ನಾನೊಬ್ಬನು ಮಾತ್ರ ಅಷ್ಟು ಸುಲಭವಾಗಿ ನಂಬಲಾರೆ.

ನನ್ನ ಸಂಗಡಿಗರಾದ ಮುರಿಗೆಪ್ಪನವರು ದಾವಣಗೆರೆಯ ಒಣಮೆಣಸಿನಕಾಯಿ ಮಂಡಿಯ ಒಡೆಯರ ಒಬ್ಬನೇ ಮಗ. ಮೆಟ್ರಿಕ್ಯುಲೇಷನ್‌ವರೆಗೆ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತವರು. ಆಮೇಲೆ ನಾನು ಕಾಲೇಜಿಗೆ ಹೋದೆ, ಅವರು ಮಂಡಿಗೆ ಹೋದರು. ನನಗೆ ಕೆಲಸ ಸಿಕ್ಕ ದಿನದಿಂದ ಅವರು ನನ್ನನ್ನು ಹೆಸರು ಹಿಡಿದು ಕರೆಯುವುದನ್ನು ಬಿಟ್ಟು "ಮೇಷ್ಟ್ರೆ" ಎನ್ನತೊಡಗಿದರು. ಅದರಲ್ಲಿ ಗೌರವ ಎಷ್ಟು, ಕುಚೋದ್ಯ ಎಷ್ಟು ಎಂಬುದನ್ನು ನಾನು ಇನ್ನೂ ನಿರ್ಣಯಿಸಿಲ್ಲ.

ಅವರಲ್ಲಿ ಒಂದು ಮೋಟಾರ್ ಸೈಕಲ್ಲಿತ್ತು. ಇತ್ತೆಂದರೆ, ದಾವಣಗೆರೆಯಿಂದ ಹರಿಹರದವರೆಗೆ, ಹರಿಹರದಿಂದ ದಾವಣಗೆರೆಯವರೆಗೆ ಇತ್ತು. ತುಂಗಭದ್ರೆಯ ಸೇತುವೆ ದಾಟಕೂಡದೆಂದು ಅವರ ತಂದೆಯವರ ಕಟ್ಟಪ್ಪಣೆ. ಆ ವರ್ಷ ಬಸವ ಜಯಂತಿಯ ದಿನ ಮುರಿಗೆಪ್ಪನವರು ಮಂಡಿಯ ಗದ್ದಿಗೆಯ ಮೇಲೆ ಕೂರುವುದೆಂದು ನಿಶ್ಚಯವಾಗಿತ್ತು. ಆ ಗದ್ದಿಗೆ ಎಂತಹದೆಂಬುದನ್ನು ಹೇಳಬೇಕು. ಅದರ ಮೇಲೆ ಕುಳಿತ ಅವರ ತಂದೆಯವರು ಮದುವೆ ಮುಂಜಿಗಳಿಗೂ ಮಂಡಿ ಮುಚ್ಚಿದ ಮೇಲೆಯೇ ಹೋಗುವವರು. ಹಂಪೆಯನ್ನು ಕೂಡ ನೋಡಿದವರಲ್ಲ. ಇದನ್ನೆಲ್ಲ ಬಲ್ಲ ಮುರಿಗೆಪ್ಪನವರು ಒಂದು ದಿನ ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿಕೊಂಡು ನನಗೆ ಹೇಳಿದರು:

"ನೋಡ್ರಿ ಮೇಷ್ಟ್ರೆ, ಗದ್ದಿಗೆ ಏರಿದ್ರೆ ಮುಗೀತು, ಇಳಿಯೋಂಗಿಲ್ಲ. ಅದಕ್ಕ ಮೊದ್ಲು ಒಂದೇ ಒಂದ್ ಸಲ ಈ ಫಟಫಟಿ ಮೇಲೆ ಮನಸೋಇಚ್ಛೆ ಹೋಗ್ಬೇಕು. ಹಿಂದಿಂದ ಯಾರೂ ಕರೀಬಾರ್ದು. ಅಷ್ಟೇ ನನ್ನಾಸೆ."

ಅವಕಾಶ ತಾನಾಗಿಯೇ ಒದಗಿತು. ಅವರ ಮಂಡಿಯಿಂದ ಮೆಣಸಿನಕಾಯಿ ತರಿಸಿಕೊಳ್ಳುವ ಕೊಲಂಬೊದ ವರ್ತಕರೊಬ್ಬರು, ಮುಂದೆ ವ್ಯವಹಾರ ಮಾಡುವ ಮಗನನ್ನು ಒಮ್ಮೆ ನೋಡಬೇಕೆಂದು ಹೇಳಿ ಕಳುಹಿಸಿದರು. ಮುರಿಗೆಪ್ಪನವರು ಮೋಟಾರ್ ಸೈಕಲ್ಲನ್ನೂ ಒಯ್ಯುವುದಾಗಿ ಹಟ ಹಿಡಿದರು. ತಂದೆಯವರು ಬಹಳ ಹೊತ್ತು ಯೋಚಿಸಿ, "ಆಗ್ಲಿ, ತಗಂಡ್ ಹೋಗು. ಅಲ್ಲಿ ಬಿದ್ರೆ ನಮ್ಮೋರು ಯಾರೂ ನೋಡಲ್ಲ," ಎಂದರು. ಅನಂತರ ನನ್ನ ಕಡೆ ತಿರುಗಿ, "ಮೇಷ್ಟ್ರೆ, ಬ್ಯಾಸಗಿ ರಜಾ ಅಲ್ವಾ ನಿಮಗೆ? ನೀವು ಹಿಂದೆ ಕೂತ್ಕಂಡು ಇವನಿಗೆ ಬುದ್ಧಿ ಹೇಳ್ತಾ ಇರ್ರಿ," ಎಂದು ನನಗೊಂದು ಹುದ್ದೆಯನ್ನು ದಯಪಾಲಿಸಿದರು. ಮೋಟಾರ್ ಸೈಕಲ್ಲಿನ ಹಿಂದಿನ ಆಸನವೆಂದರೆ ನನಗೆ ಪ್ರಾಣಭಯ. ಆದರೆ ವಿದೇಶ ನೋಡಿದ ಉಪಾಧ್ಯಾಯರು ನಮ್ಮ ಶಾಲೆಯಲ್ಲಿ ಯಾರೂ ಇರಲಿಲ್ಲ.

ಹರಿಹರದ ಬಡಗಿಯೊಬ್ಬರು ಯಂತ್ರಕ್ಕೆ ತಕ್ಕ ಪೆಟ್ಟಿಗೆಯನ್ನು ಮಾಡಿಕೊಟ್ಟರು. ಅದು ಒಳಗೆ ಅಲುಗಾಡದಂತೆ ಮಲೆಬೆನ್ನೂರು ಕಡೆಯ ಭತ್ತದ ಹುಲ್ಲನ್ನು ತುಂಬಿರೆಂದು ಸಲಹೆ ಕೊಟ್ಟರು. ಮುರಿಗೆಪ್ಪನವರು ಒಪ್ಪಲಿಲ್ಲ.

"ಹುಲ್ಲಾಗೆ ಇಲಿ ಸೇರ್ಕಂತಾವೆ. ಮೆಣಸಿನಕಾಯಿ ಹತ್ರ ಇಲಿ ಸುಳಿಯಲ್ಲ, ಮೆತ್ತಗೂ ಇರ್ತೈತೆ. ನಮ್ಮತ್ರ ಇರೋದೇ ಅದು. ತುಂಬ್ರಿ!"

ಹೀಗೆ ಮಂಡಿಯ ಹಮಾಲರು ಒಳ್ಳೆಯ ಬ್ಯಾಡಗಿ ಮೆಣಸಿನಕಾಯಿಯನ್ನು ಚಕ್ರದ ಕಡ್ಡಿಗಳ ನಡುವೆ, ಆಸನದ ಕೆಳಗೆ, ದೀಪದ ಸುತ್ತ, ಬೆರಳು ಹೋಗುವ ಕಡೆಯಲ್ಲೆಲ್ಲ ಗಿಡಿದು, ಚೀಲ ತುಂಬಿದಂತೆ ಅಂಗೈಯಿಂದ ಬಡಿದು ಕೂರಿಸಿದರು. ಪೆಟ್ಟಿಗೆ ರೈಲಿನಲ್ಲಿ ತೂತುಕುಡಿಗೆ ಹೋಗಿ ಅಲ್ಲಿಂದ ಸರಕಿನ ಹಡಗು ಏರಿತು. ನಾವು ಧನುಷ್ಕೋಟಿಯ ದಾರಿ ಹಿಡಿದೆವು.

ಧನುಷ್ಕೋಟಿ

ಸಮುದ್ರದ ವಿಸ್ತಾರ, ಅದರ ಉಪ್ಪಿನಂಶ, ಉಬ್ಬರವಿಳಿತದ ಕಾರಣ ಇವನ್ನೆಲ್ಲ ನಾನು ವರ್ಷ ವರ್ಷ ಕಪ್ಪುಹಲಗೆಯ ಮೇಲೆ ಬರೆದು ಬೋಧಿಸಿದವನು. ಕಣ್ಣಾರೆ ನೋಡಿದ್ದು ಅಂದೇ ಮೊದಲು. ಆಷಾಢದಲ್ಲಿ ತುಂಬಿ ಬಂದ ತುಂಗಭದ್ರೆಯನ್ನು ಕಂಡವನಿಗೆ ನೀರು ಹೊಸದಲ್ಲ. ಆದರೂ ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದೆ.

"ಏನ್ರಿ ಮೇಷ್ಟ್ರೆ, ಇದಕ್ಕೆ ಆಚೆ ದಂಡೆನೇ ಇಲ್ಲೇನ್ರಿ?" ಎಂದರು ಮುರಿಗೆಪ್ಪನವರು.

"ಇದೆ. ಆಚೆ ದಂಡೆಯೇ ಸಿಂಹಳ," ಎಂದು ನಾನು ಗಂಭೀರವಾಗಿ ಉತ್ತರಿಸಿದೆ.

ಅವರು ಬಗ್ಗಿ, ಮಂಡಿಯಲ್ಲಿ ಮಾದರಿ ನೋಡುವವರಂತೆ, ಬೆರಳಿನಿಂದ ನೀರನ್ನು ನಾಲಗೆಗೆ ಮುಟ್ಟಿಸಿಕೊಂಡು, "ಉಪ್ಪು ಜಾಸ್ತಿ ಆಗೈತೆ," ಎಂದು ತೀರ್ಪು ಕೊಟ್ಟರು. ಸ್ಟೀಮರಿನಲ್ಲಿ ನನಗೆ ತಲೆ ಸುತ್ತಿತು. ಪದವೀಧರರಿಗೆ ತಕ್ಕುದಾದ ರೀತಿಯಲ್ಲಿ ವಾಂತಿ ಮಾಡಿಕೊಳ್ಳುವುದು ಹೇಗೆಂಬುದನ್ನು ಯಾವ ಗ್ರಂಥವೂ ತಿಳಿಸುವುದಿಲ್ಲ.

ಕೊಲಂಬೊ

ಬಂದರಿನ ಸುಂಕದ ಅಧಿಕಾರಿಯೊಬ್ಬರು ಎತ್ತರವಾಗಿ, ಬಿಳಿಯ ಉಡುಪಿನಲ್ಲಿ, ಅತ್ಯಂತ ಸಭ್ಯರಾಗಿದ್ದರು. ಪೆಟ್ಟಿಗೆಯ ಮುಚ್ಚಳವನ್ನು ತೆಗೆಸಿ ಒಳಗೆ ಬಗ್ಗಿ ನೋಡಿದರು. ಮರುಕ್ಷಣವೇ ಸೀನಿದರು. ಅವರ ಜವಾನನೂ ಸೀನಿದನು. ಪಕ್ಕದಲ್ಲಿ ಚಹದ ಪೆಟ್ಟಿಗೆಗಳನ್ನು ಎಣಿಸುತ್ತಿದ್ದ ಒಬ್ಬ ಗುಮಾಸ್ತರು ಸೀನಿ, ಎಣಿಕೆ ತಪ್ಪಿ, ಮತ್ತೆ ಮೊದಲಿನಿಂದ ಆರಂಭಿಸಿದರು.

"ಇದರಲ್ಲಿರುವುದು ಮೋಟಾರ್ ಸೈಕಲ್ಲೋ, ಮೆಣಸಿನಕಾಯಿಯೋ?" ಎಂದು ಅಧಿಕಾರಿಗಳು ಇಂಗ್ಲಿಷಿನಲ್ಲಿ ಕೇಳಿದರು.

ನಾನು ಮನಸ್ಸಿನಲ್ಲಿ ವಾಕ್ಯವನ್ನು ಎರಡು ಬಾರಿ ತಿದ್ದಿಕೊಂಡು, "ಮೋಟಾರ್ ಸೈಕಲ್ಲು ಸರಕು; ಮೆಣಸಿನಕಾಯಿ ಕೇವಲ ಅದರ ಹಾಸಿಗೆ," ಎಂದೆ.

"ಮಾರುಕಟ್ಟೆಯಲ್ಲಿ ಮಾರಬಹುದಾದ ಹಾಸಿಗೆಯೂ ಸರಕೇ. ಅದಲ್ಲದೆ ಇದು ಗಿಡದ ಪದಾರ್ಥ. ಕೃಷಿ ಇಲಾಖೆಯವರು ಪರೀಕ್ಷಿಸುವ ತನಕ ಪೆಟ್ಟಿಗೆ ಇಲ್ಲಿಂದ ಕದಲುವಂತಿಲ್ಲ."

ಏನಂತೆ ಎಂದು ಮುರಿಗೆಪ್ಪನವರು ಕೇಳಿದರು. ನಾನು ತಿಳಿಸಿದೆ. ಅವರು, "ಮಾಲು ಹೆಂಗೈತೆ ಅಂತ ಕೇಳ್ರಿ," ಎಂದರು. ಕೇಳಲು ನನಗೆ ಸಂಕೋಚವಾದರೂ ಕೇಳಿದೆ. ಅಧಿಕಾರಿಗಳು ಕಣ್ಣೊರೆಸಿಕೊಳ್ಳುತ್ತ, ಇಷ್ಟು ಒಳ್ಳೆಯ ಬಣ್ಣದ ಮೆಣಸಿನಕಾಯಿಯನ್ನು ತಾವು ನೋಡಿಯೇ ಇಲ್ಲವೆಂದರು. ಮುರಿಗೆಪ್ಪನವರ ಎದೆ ಉಬ್ಬಿತು. ಮೋಟಾರ್ ಸೈಕಲ್ಲು ಮಾತ್ರ ಒಳಗೇ ಉಳಿಯಿತು.

ಕೊಲಂಬೊದ ವರ್ತಕರು ನಮ್ಮನ್ನು ಆದರದಿಂದ ಕಂಡು, ಊಟ ಹಾಕಿಸಿ, "ಇಲಾಖೆಯ ಕೆಲಸ ನಿಧಾನ. ಇಲ್ಲಿ ಸೆಖೆಯಲ್ಲಿ ಬೇಯುವುದೇಕೆ? ನೆಗೊಂಬೊದಲ್ಲಿ ನಮಗೆ ಬೇಕಾದವರ ಮನೆಯಿದೆ. ಸಮುದ್ರದ ಗಾಳಿ ತೆಗೆದುಕೊಳ್ಳುತ್ತ ಇರಿ," ಎಂದು ರೈಲು ಹತ್ತಿಸಿದರು.

ನೆಗೊಂಬೊ

ಮನೆಯ ಒಡತಿ ಫಿಲೋಮಿನಮ್ಮ. ಅವರ ಗಂಡ ಅಂತೋಣಿ ಮೀನುಗಾರರು. ತೆಂಗಿನ ಮರಗಳ ನಡುವೆ ಗರಿ ಹೊದಿಸಿದ ಮನೆ. ಅಂಗಳ ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಸಮುದ್ರ. ಅವರು ಆಡುವುದು ತಮಿಳು. ಮುರಿಗೆಪ್ಪನವರಿಗೆ ಮಂಡಿಯಲ್ಲಿ ಕಲಿತ ತಮಿಳು ಬರುತ್ತಿತ್ತು; ನನಗೆ ಅವರೇ ದುಭಾಷಿ. ಫಿಲೋಮಿನಮ್ಮನವರು ಅವರನ್ನು ತಮ್ಮನೆಂಬರ್ಥದಲ್ಲಿ "ತಂಬಿ" ಎಂದೂ ನನ್ನನ್ನು "ವಾದ್ಯಾರೇ" ಎಂದೂ ಕರೆದರು. ಮೇಷ್ಟರೆಂಬ ಪದವಿ ಸಮುದ್ರ ದಾಟಿಯೂ ನನ್ನನ್ನು ಬಿಡಲಿಲ್ಲ.

ಮೊದಲ ದಿನಗಳಲ್ಲಿ ನಾನು ಬೂಟು ಹಾಕಿಕೊಂಡೇ ಮರಳಿನ ಮೇಲೆ ಓಡಾಡಿದೆ. ಚಿಕ್ಕಂದಿನಲ್ಲಿ ಚಪ್ಪಲಿ ಇಲ್ಲದೆ ಗಿರಣಿಯ ಚಾಳಿನಿಂದ ಶಾಲೆಗೆ ನಡೆದವನು ನಾನು. ಬೂಟು ಬಂದ ಮೇಲೆ ಬರಿಗಾಲಿನಲ್ಲಿ ಹೊರಗೆ ಕಾಣಿಸಿಕೊಳ್ಳಬಾರದೆಂದು ನಿರ್ಧರಿಸಿದ್ದೆ. ಬೂಟಿನೊಳಗೆ ಮರಳು ತುಂಬಿ ನಾನು ಕುಂಟತೊಡಗಿದಾಗ ಅಂತೋಣಿಯವರು ಏನನ್ನೋ ಹೇಳಿ ನಕ್ಕರು.

"ಏನೆಂದರು?" ಎಂದೆ.

"ಕಾಲಿಗೆ ಪೆಟ್ಟಿಗೆ ಯಾಕ, ಕಾಲೇನು ಹಡಗಿಗೆ ಹೋಗ್ತೈತಾ ಅಂತಾರ್ರಿ," ಎಂದರು ಮುರಿಗೆಪ್ಪನವರು.

ಆ ಸಂಜೆಯೇ ಬೂಟು ಬಿಚ್ಚಿದೆ. ಒದ್ದೆ ಮರಳು ಪಾದದ ಕೆಳಗೆ ಜಾರಿ ಹೋಗುವಾಗ ಆಗುವ ಕಚಗುಳಿಯನ್ನು ಯಾವ ಪಾಠದಲ್ಲಿಯೂ ನಾನು ಬೋಧಿಸಿರಲಿಲ್ಲ.

ಊಟದ ವಿಷಯದಲ್ಲಿ ಒಂದು ತೊಡಕು ಉಂಟಾಯಿತು. ನಾವು ಲಿಂಗವಂತರು, ಮೀನು ಮುಟ್ಟುವುದಿಲ್ಲವೆಂದು ಮುರಿಗೆಪ್ಪನವರು ಮೊದಲೇ ತಿಳಿಸಿದ್ದರು. ಫಿಲೋಮಿನಮ್ಮ ತಲೆಯಾಡಿಸಿ, ಕನಿಕರದಿಂದ ನೋಡಿ, ಹೊಸ ಮಡಕೆಯಲ್ಲಿ ಅನ್ನ ಬೇಯಿಸಿ, ಕುಂಬಳಕಾಯಿಯ ಪಲ್ಯ ಮಾಡಿ ಬಡಿಸಿದರು. ಮರುದಿನದಿಂದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ನಮ್ಮ ಮುಖ ನೋಡಿ ಹೋಗತೊಡಗಿದರು. ಬರುವಾಗ ಕೇಸರಿ ಬಣ್ಣದ ಒಂದು ಜಾತಿಯ ಎಳನೀರನ್ನು ತರುತ್ತಿದ್ದರು. ಆ ದೇಶದ ಅತಿಥಿಸತ್ಕಾರವನ್ನು ಮೆಚ್ಚಿ ನಾನು ಪ್ರತಿಯೊಬ್ಬರಿಗೂ ಕೈಮುಗಿದು ಕುಡಿದೆ. ಕೆಲವು ದಿನಗಳ ಮೇಲೆ ಒಬ್ಬ ಅಜ್ಜಿ ನನ್ನ ನಾಡಿ ಹಿಡಿದು ನೋಡಿ ಏನನ್ನೋ ಕೇಳಿದಾಗ ವಿಷಯ ಹೊರಬಿತ್ತು. ಆ ಊರಿನಲ್ಲಿ ಮೀನು ಬಿಡುವವರು ಜ್ವರದಿಂದ ಎದ್ದವರು ಮಾತ್ರ. ಇಬ್ಬರು ರೋಗಿಗಳು ಹವೆ ಬದಲಾಯಿಸಲು ಬಂದಿದ್ದಾರೆಂದು ಓಣಿಗೆಲ್ಲ ಸುದ್ದಿಯಾಗಿತ್ತು. ಎಳನೀರು ಪಥ್ಯವಾಗಿತ್ತು.

"ಹೇಳ್ಬ್ಯಾಡ್ರಿ ಮೇಷ್ಟ್ರೆ," ಎಂದು ಮುರಿಗೆಪ್ಪನವರು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. "ಇನ್ನೆರಡು ದಿನ ರೋಗಿಗಳಾಗೇ ಇರೋಣ. ಎಳನೀರು ಭಾಳ ಚೆನ್ನಾಗೈತೆ."

ಬೆಳಗಿನ ಆಹಾರ ಅಕ್ಕಿಹಿಟ್ಟಿನ ಆಪ್ಪ. ತೆಳುವಾದ ಅಂಚು, ಮೆತ್ತನೆಯ ನಡು. ಊರ ಬೆಣ್ಣೆದೋಸೆಯನ್ನು ನೆನೆದು ಮುರಿಗೆಪ್ಪನವರು ದಿನವೂ ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ನನಗಿಂತ ಎರಡರಷ್ಟು ತಿನ್ನುತ್ತಿದ್ದರು.

ನಮ್ಮ ಮುಖ್ಯ ಮನರಂಜನೆ ಮೀನಿನ ಹರಾಜು. ಕಂದು ಬಣ್ಣದ ಹಾಯಿಯ ದೋಣಿಗಳು ದಡ ಸೇರಿದ ಕೂಡಲೇ ಮೀನನ್ನು ಮರಳಿನ ಮೇಲೆ ಸುರಿದು ಬೆಲೆ ಕೂಗುತ್ತಾರೆ. ನಮ್ಮ ಮಂಡಿಗಳಲ್ಲಿ ಕೊಳ್ಳುವವರು, ಮಾರುವವರು ಟವೆಲ್ಲಿನ ಮರೆಯಲ್ಲಿ ಕೈಹಿಡಿದು, ಬೆರಳು ಒತ್ತಿ ಬೆಲೆ ತಿಳಿಸುವುದು ಪದ್ಧತಿ, ಮೂರನೆಯವರಿಗೆ ಗೊತ್ತಾಗುವುದಿಲ್ಲ. ಈ ಕೂಗಾಟವನ್ನು ಕೇಳಿ ಮುರಿಗೆಪ್ಪನವರಿಗೆ ಸಹಿಸಲಾಗಲಿಲ್ಲ.

"ಥೂ, ರೇಟು ಊರಿಗೆಲ್ಲ ಕೇಳೋಂಗೆ ಕೂಗ್ತಾರಲ್ರಿ! ಒಂಚೂರು ಮರ್ಯಾದೆ ಬ್ಯಾಡವಾ? ತಡೀರಿ, ನಮ್ಮ ಪದ್ಧತಿ ತೋರಿಸ್ತೀನಿ."

ಹೆಗಲ ಟವೆಲ್ಲನ್ನು ತೆಗೆದು ಹರಾಜಿನವನ ಕೈಯ ಮೇಲೆ ಹೊದಿಸಿ ಬೆರಳುಗಳನ್ನು ಒತ್ತಿದರು. ಅವನು ಕ್ಷಣಕಾಲ ಬೆರಗಾಗಿ ನೋಡಿ, ಬೆರಳುಗಳ ಲೆಕ್ಕ ಹಿಡಿದು, ಸಂತೋಷದಿಂದ ಒಂದು ಕೂಗು ಹಾಕಿದನು. ಇಬ್ಬರು ಒಂದು ದೊಡ್ಡ ಮೀನನ್ನು ಹೊತ್ತು ತಂದು ಮುರಿಗೆಪ್ಪನವರ ಪಾದದ ಬಳಿ ಇಟ್ಟರು. ಅದು ನನ್ನಷ್ಟು ಉದ್ದವಿತ್ತು. ಬಾಯಿ ತೆರೆದುಕೊಂಡಿತ್ತು.

"ಮೇಷ್ಟ್ರೆ, ಇದು ನನ್ನೇ ನೋಡ್ತೈತಲ್ರಿ!"

"ನೀವು ಅದನ್ನು ಕೊಂಡಿದ್ದೀರಿ," ಎಂದೆ.

"ಅಯ್ಯೋ ಶಿವನೇ! ಮಂಡಿ ಮುರಿಗೆಪ್ಪ ಮೀನು ಹಿಡಿದ ಅಂತ ಊರಾಗೆ ಯಾರಿಗೂ ಹೇಳ್ಬ್ಯಾಡ್ರಿ!"

ಮೀನು ಫಿಲೋಮಿನಮ್ಮನವರ ಒಲೆ ಸೇರಿತು. ಆ ಸಂಜೆ ಓಣಿಯ ಜನರೆಲ್ಲ ಬಂದು ಉಂಡು, ಮೀನು ತಿನ್ನದ ರೋಗಿಯೊಬ್ಬನು ಓಣಿಗೆಲ್ಲ ಮೀನೂಟ ಹಾಕಿಸಿದನೆಂದು ಕೊಂಡಾಡಿದರು. ನಾವು ಮಾತ್ರ ಬಾಗಿಲಲ್ಲಿ ಕುಳಿತು, ಊರಿನಿಂದ ತಂದ ಮಂಡಕ್ಕಿಯನ್ನು ತಿಂದೆವು. ಸಮುದ್ರದ ಗಾಳಿಗೆ ಅದು ಮೆತ್ತಗಾಗಿ ಹತ್ತಿಯನ್ನು ಅಗಿದಂತಾಗುತ್ತಿತ್ತು. ಆದರೂ ಅದು ದಾವಣಗೆರೆಯ ಮಂಡಕ್ಕಿ.

ಹೊಸ ವರ್ಷದ ರಜೆ

ಇಷ್ಟು ಸುಖದ ನಡುವೆಯೂ ಒಂದು ಚಿಂತೆ ದಿನದಿನಕ್ಕೆ ಬೆಳೆಯುತ್ತಿತ್ತು. ಬಸವ ಜಯಂತಿ ಹತ್ತಿರವಾಗುತ್ತಿತ್ತು. ಮೊದಲು ಕ್ಯಾಂಡಿ, ಅಲ್ಲಿಂದ ಚಹದ ಬೆಟ್ಟಗಳು, ಅಲ್ಲಿಂದ ಪೂರ್ವದ ಕರಾವಳಿ ಎಂದು ಮುರಿಗೆಪ್ಪನವರು ಮರಳಿನ ಮೇಲೆ ಬೆರಳಿನಿಂದ ರಸ್ತೆ ಬರೆಯುತ್ತಿದ್ದರು. ದಿನ ಕಳೆದಂತೆ ಪೂರ್ವದ ಕರಾವಳಿ ಅಳಿಸಿಹೋಯಿತು, ಆಮೇಲೆ ಬೆಟ್ಟಗಳು ಅಳಿಸಿದವು. ಕ್ಯಾಂಡಿ ಒಂದು ಉಳಿಯಿತು. ಅಷ್ಟರಲ್ಲಿ ಸಿಂಹಳೀಯರ, ತಮಿಳರ ಹೊಸ ವರ್ಷ ಬಂದು ಕಚೇರಿಗಳೆಲ್ಲ ಮುಚ್ಚಿದವು. ಓಣಿಯಲ್ಲಿ ಉಯ್ಯಾಲೆ ಕಟ್ಟಿದರು, ಎಣ್ಣೆಯಲ್ಲಿ ಕರಿದ ಸಿಹಿ ಹಂಚಿದರು. ಮುರಿಗೆಪ್ಪನವರು ಉಯ್ಯಾಲೆಯ ಮೇಲೆ ಕುಳಿತು, ಮೋಟಾರ್ ಸೈಕಲ್ಲಿನ ಹಿಡಿಯಂತೆ ಹಗ್ಗವನ್ನು ತಿರುಚುತ್ತಿದ್ದುದನ್ನು ಕಂಡು ನನಗೆ ನಗುವೂ ಬಂತು, ಸಂಕಟವೂ ಆಯಿತು.

ಹಬ್ಬ ಮುಗಿದ ಸಂಜೆ ಬಂದರಿನ ಆ ಅಧಿಕಾರಿಗಳೇ ಮರಳಿನ ಮೇಲೆ ನಡೆದುಬಂದರು. ಅವರ ಮನೆ ನೆಗೊಂಬೊದಲ್ಲಿಯೇ ಇದ್ದು, ದಿನವೂ ರೈಲಿನಲ್ಲಿ ಕೊಲಂಬೊಗೆ ಹೋಗಿ ಬರುವವರೆಂದು ಆಗ ತಿಳಿಯಿತು.

"ನಿಮ್ಮ ಮೋಟಾರ್ ಸೈಕಲ್ಲಿಗೆ ಅಪ್ಪಣೆ ಸಿಕ್ಕಿದೆ. ಆಮದಿನ ಪರವಾನಗಿ ಇಲ್ಲದೆ ಬಂದ ಮೆಣಸಿನಕಾಯಿಗೆ ಸಿಕ್ಕಿಲ್ಲ," ಎಂದರು. "ಅದನ್ನು ನನ್ನ ಎದುರಿನಲ್ಲಿ ಸುಟ್ಟುಬಿಟ್ಟರೆ ಯಂತ್ರವನ್ನು ಕೂಡಲೇ ಒಪ್ಪಿಸುತ್ತೇನೆ. ಇಲ್ಲವಾದರೆ ಪೆಟ್ಟಿಗೆ ಹಾಗೆಯೇ ತೂತುಕುಡಿಗೆ ವಾಪಸ್ಸು. ಬಂದರಿನೊಳಗೆ ಬೆಂಕಿ ಹಚ್ಚುವಂತಿಲ್ಲ. ನೀವು ಒಪ್ಪಿದರೆ ನಾಡಿದ್ದು ಲಾರಿಯಲ್ಲಿ ಇಲ್ಲಿಗೇ ತರುತ್ತೇನೆ."

ನಾನು ಹರ್ಷದಿಂದ ಅನುವಾದಿಸಿದೆ. ಮುರಿಗೆಪ್ಪನವರ ಮುಖ ಬಿಳಿಚಿತು.

"ಸುಡೋದಾ? ಆಗಲ್ರಿ ಮೇಷ್ಟ್ರೆ."

"ಅಷ್ಟೂ ಸೇರಿದರೆ ಒಂದು ಚೀಲವಾದೀತು. ನಿಮ್ಮ ಮಂಡಿಗೆ ಅದು ಯಾವ ಲೆಕ್ಕ?"

"ಲೆಕ್ಕದ ಮಾತಲ್ರಿ ಅದು. ದೀಪ ಹಚ್ಚಿದ ಮೇಲೆ ನಮ್ಮ ಅಂಗಡ್ಯಾಗೆ ಬೆಂಕಿ ಅಂತ ಬಾಯಾಗೆ ಅನ್ನಲ್ಲ. ಕೆಳಗೆ ಬಿದ್ದ ಒಂದು ಕಾಯಿ ದಾಟಲ್ಲ, ಎತ್ತಿ ಕಣ್ಣಿಗೊತ್ಕಂತೀವಿ. ನಾಳೆ ಗದ್ದಿಗೆ ಮ್ಯಾಲೆ ಕೂಡ್ರೋನು ಇವತ್ತು ಸರಕಿಗೆ ಬೆಂಕಿ ಇಟ್ಟು ಹೋದ್ರೆ ಹೆಂಗ್ರಿ? ಆ ಗದ್ದಿಗೆ ನನ್ನ ಹೊತ್ಕಂತೈತಾ?"

ಸಮುದ್ರಕ್ಕೆ ಸುರಿಯಬಹುದೇ ಎಂದು ಅಧಿಕಾರಿಗಳನ್ನು ಕೇಳಿದೆ. ಬಲೆಗಳಿಗೆಲ್ಲ ಸಿಕ್ಕಿಕೊಂಡು ಮೀನುಗಾರರು ದೂರು ಕೊಡುತ್ತಾರೆ, ಆದೇಶದಲ್ಲಿ ಸುಡಬೇಕೆಂದೇ ಇದೆ ಎಂದರು. ನಾಳೆ ಸಂಜೆಯೊಳಗೆ ತಿಳಿಸಿರೆಂದು ಹೇಳಿ ಹೊರಟುಹೋದರು. ನಾನು ತರ್ಕಬದ್ಧವಾಗಿ, ಉದಾಹರಣೆಗಳ ಸಮೇತ, ಬಹಳ ಹೊತ್ತು ವಾದಿಸಿದೆ. ಮುರಿಗೆಪ್ಪನವರು ಮರಳಿನ ಮೇಲೆ ಬರೆದಿದ್ದ ಕ್ಯಾಂಡಿಯನ್ನು ಅಂಗೈಯಿಂದ ಸವರಿ, "ಹೋಗ್ಲಿ ಬಿಡ್ರಿ. ಊರಿಗೆ ಹೋಗಾಣ," ಎಂದರು. ಅಷ್ಟು ಮೆಲ್ಲಗೆ ಅವರು ಮಾತನಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವರು ಆಪ್ಪವನ್ನು ಮುಟ್ಟಲಿಲ್ಲ. ಇಬ್ಬರು ರೋಗಿಗಳಲ್ಲಿ ಒಬ್ಬರಿಗೆ ನಿಜವಾಗಿಯೂ ಕಾಯಿಲೆಯಾಯಿತೆಂದು ಫಿಲೋಮಿನಮ್ಮನವರಿಗೆ ಗಾಬರಿ. ಕಾರಣ ಕೇಳಿದರು. ಮುರಿಗೆಪ್ಪನವರು ಎಲ್ಲವನ್ನೂ ಹೇಳಿದರು. ಆಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಒಂದೇ ಉಸಿರಿನಲ್ಲಿ ಏನೋ ಹೇಳಿದರು. ಕೇಳುತ್ತಿದ್ದ ಹಾಗೆಯೇ ಮುರಿಗೆಪ್ಪನವರು ಎದ್ದು ನಿಂತರು.

"ಮೇಷ್ಟ್ರೆ! ಆ ಫಟಫಟಿಗೆ ದೃಷ್ಟಿ ಆಗೈತೆ ಅಂತಾಳ್ರಿ ಅಕ್ಕ! ಊರು ಬಿಟ್ಟಾಗಿಂದ ಒಂದೂ ಸರಿ ಹೋಗಿಲ್ಲ, ಮೂರು ಒಣಮೆಣಸಿನಕಾಯಿ, ಒಂದು ಹಿಡಿ ಉಪ್ಪು ನಿವಾಳಿಸಿ ಒಲೆಗೆ ಹಾಕು ಅಂತಾಳೆ. ಇವರಾಗೂ ಐತಂತ್ರಿ ಇದು!"

"ಅದಕ್ಕೂ ಇದಕ್ಕೂ ಏನು ಸಂಬಂಧ?" ಎಂದೆ.

"ಏನ್ರಿ ನೀವು, ಬಿ.ಎ. ಮಾಡೀರಿ! ಪ್ರತಿ ಅಮಾಸಿಗೂ ನಮ್ಮಜ್ಜಿ ಅಂಗಡಿಗೆ ದೃಷ್ಟಿ ತೆಗೆದು ಮೆಣಸಿನಕಾಯಿ ಸುಡಲ್ವಾ? ಅದು ಸರಕು ಸುಟ್ಟಂಗಲ್ಲ. ಅದು ಸರಕಿನ ಕೆಲ್ಸ! ಅಕ್ಕ ಮೂರು ಅಂತಾಳೆ. ಫಟಫಟಿ ದೊಡ್ಡದೈತಲ್ರಿ, ಮೂರು ಎಲ್ಲಿ ಸಾಕು? ಪೆಟ್ಟಿಗೆ ತುಂಬ ಬೇಕು!"

ಆ ಸಂಜೆ ನಾನು ಅಧಿಕಾರಿಗಳ ಮನೆಗೆ ಹೋಗಿ, ಎಚ್ಚರಿಕೆಯಿಂದ ಪದಗಳನ್ನು ಆರಿಸಿ, ಸುಡುವ ಮುನ್ನ ನಮ್ಮ ಕಡೆಯ ಒಂದು ಸಂಕ್ಷಿಪ್ತ ಸಂಪ್ರದಾಯವನ್ನು ಆಚರಿಸಲು ಅನುಮತಿ ಬೇಡಿದೆ. ಅವರು ನನ್ನನ್ನು ದಿಟ್ಟಿಸಿ ನೋಡಿ ಹೇಳಿದರು: "ಆದೇಶದಲ್ಲಿ ಸುಡಬೇಕೆಂದಿದೆ. ಸುಡುವ ಮುಂಚೆ ಏನು ಹೇಳಬೇಕು, ಏನು ಹೇಳಬಾರದು ಎಂದು ಬರೆದಿಲ್ಲ."

ಪೆಟ್ಟಿಗೆ ಬಂದ ದಿನ

ಲಾರಿ ಬಂದದ್ದು ಮಧ್ಯಾಹ್ನ. ಓಣಿಗೆ ಓಣಿಯೇ ಮರಳಿನ ಮೇಲೆ ನೆರೆಯಿತು. ಮೋಟಾರ್ ಸೈಕಲ್ಲನ್ನು ಎತ್ತಿ ನಿಲ್ಲಿಸಿ, ಕಡ್ಡಿಗಳ ನಡುವಿನಿಂದ, ಆಸನದ ಕೆಳಗಿನಿಂದ ಕಾಯಿಗಳನ್ನು ಬಿಡಿಸಿ, ತೆಂಗಿನ ಸಿಪ್ಪೆಯ ಮೇಲೆ ಗುಡ್ಡೆ ಹಾಕಿದೆವು. ಕೆಂಪಗೆ ಹೊಳೆಯುವ ಆ ರಾಶಿಯನ್ನು ನೋಡಿ ಮುರಿಗೆಪ್ಪನವರು ಒಂದು ಕಾಯಿಯನ್ನೆತ್ತಿ ಕಣ್ಣಿಗೆ ಒತ್ತಿಕೊಂಡರು.

ದೃಷ್ಟಿ ತೆಗೆಯುವುದು ಹಿರಿಯ ಹೆಂಗಸರ ಕೆಲಸವಾದುದರಿಂದ ಫಿಲೋಮಿನಮ್ಮನವರೇ ಮುಂದೆ ಬಂದರು. ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ಆಮೇಲೆ ಮುಷ್ಟಿಯಲ್ಲಿ ಉಪ್ಪು, ಮೆಣಸಿನಕಾಯಿ ಹಿಡಿದು ಯಂತ್ರಕ್ಕೆ ನಿವಾಳಿಸತೊಡಗಿದರು. ಮುರಿಗೆಪ್ಪನವರು ಅಜ್ಜಿಯ ಧಾಟಿಯಲ್ಲಿ, "ನಾಯಿ ಕಣ್ಣು, ನರಿ ಕಣ್ಣು, ಹೋದೋರ ಕಣ್ಣು, ಬಂದೋರ ಕಣ್ಣು," ಎಂದು ಕೂಗಿ, ನನ್ನ ಕಡೆ ನೋಡಿ, "ಕಸ್ಟಮ್ಸ್ ಕಣ್ಣು," ಎಂದು ಮೆಲ್ಲಗೆ ಸೇರಿಸಿದರು. ಅಧಿಕಾರಿಗಳು ಕನ್ನಡದ ಮಾತು ಅರ್ಥವಾಗದಿದ್ದರೂ ಹ್ಯಾಟನ್ನು ತೆಗೆದು ಒಂದು ಹೆಜ್ಜೆ ಯಂತ್ರದ ಹತ್ತಿರ ಸರಿದು, "ನನ್ನನ್ನೂ ಸೇರಿಸಿಬಿಡಿ. ನನ್ನ ಅಜ್ಜಿ ತೀರಿಕೊಂಡ ಮೇಲೆ ನನಗೆ ಯಾರೂ ತೆಗೆದಿಲ್ಲ," ಎಂದರು.

ಬೆಂಕಿ ಇಟ್ಟದ್ದಾಯಿತು. ದೃಷ್ಟಿ ತಗುಲಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಅದು ಕಳೆದಾಗಲೇ ಬರುತ್ತದೆ ಎಂದು ನಮ್ಮ ಕಡೆಯ ನಂಬಿಕೆ. ಸಮುದ್ರದ ತೇವ ಹೀರಿದ್ದ ರಾಶಿ ಸುಮ್ಮನೆ ಹೊಗೆಯಾಡಿತು. ಘಾಟಿನ ಸುಳಿವೇ ಇಲ್ಲ.

"ನೋಡ್ರಿ, ನೋಡ್ರಿ! ಎಷ್ಟು ದೃಷ್ಟಿ ಆಗಿತ್ತು ಅಂತ!" ಎಂದು ಮುರಿಗೆಪ್ಪನವರು ಉದ್ಗರಿಸಿದರು. ಓಣಿಯ ಹೆಂಗಸರು ಹೌದೆಂದು ತಲೆಯಾಡಿಸಿದರು.

ಅಷ್ಟರಲ್ಲಿ ಅಡಿಯ ಸಿಪ್ಪೆ ಹತ್ತಿಕೊಂಡಿತು. ಹಗಲಿನಲ್ಲಿ ಗಾಳಿ ಸಮುದ್ರದಿಂದ ನೆಲದ ಕಡೆಗೆ ಬೀಸುತ್ತದೆಯೆಂಬ ಪಾಠವನ್ನು ನಾನು ಪ್ರತಿ ವರ್ಷ ಚಿತ್ರ ಬರೆದು ಬೋಧಿಸುತ್ತೇನೆ. ಅದು ನನಗೆ ನೆನಪಾದದ್ದು ಕಣ್ಣು ಉರಿಯತೊಡಗಿದ ಮೇಲೆ. ನಾವೆಲ್ಲರೂ ನಿಂತಿದ್ದುದು ಸರಿಯಾಗಿ ನೆಲದ ಕಡೆಗೇ. ಒಂದೇ ಸಲಕ್ಕೆ ಇಡೀ ನೆಗೊಂಬೊ ಕೆಮ್ಮಿತು. ಅಂತೋಣಿಯವರು ಸಮುದ್ರಕ್ಕೆ ಓಡಿ ಮುಖ ಮುಳುಗಿಸಿದರು. ನಾಡಿ ನೋಡಿದ್ದ ಅಜ್ಜಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೆಮ್ಮುತ್ತ, ನಗುತ್ತ, ಮರಳಿನ ಮೇಲೆ ಕುಳಿತುಬಿಟ್ಟರು. ಅಧಿಕಾರಿಗಳು ಕಣ್ಣು ಮುಚ್ಚಿಕೊಂಡೇ ಕಾಗದದ ಮೇಲೆ ಅಂದಾಜಿನಿಂದ ರುಜು ಹಾಕಿ ನನ್ನ ಕೈಗೆ ತುರುಕಿದರು. ಹೊಗೆಯ ನಡುವೆ ಮುರಿಗೆಪ್ಪನವರು ಮಾತ್ರ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದರು.

"ಹೋತ್ರಿ! ದೃಷ್ಟಿ ಹೋತು! ಎಲ್ಲಾ ಹೋತು!"

ಕ್ಯಾಂಡಿ ರಸ್ತೆ

ಘಾಟು ಇಳಿದ ಮೇಲೆ ಯಂತ್ರವನ್ನು ರಸ್ತೆಗೆ ತಂದು ಪೆಟ್ರೋಲು ಹಾಕಿದರು. ನಮ್ಮ ಟ್ರಂಕು, ಹಾಸಿಗೆಯ ಸುರುಳಿ ಎಲ್ಲವನ್ನೂ ಅಂಗಳದಲ್ಲಿ ಒಪ್ಪವಾಗಿ ಜೋಡಿಸಿದ್ದೆ. ಎಲ್ಲರಿಗೂ ಕ್ರಮವಾಗಿ ವಂದನೆ ಹೇಳಿ ಹೊರಡಬೇಕೆಂದು, ತಪ್ಪಿಲ್ಲದ ಒಂದು ಚಿಕ್ಕ ಭಾಷಣವನ್ನು ಸಹ ಸಿದ್ಧಪಡಿಸಿಕೊಂಡಿದ್ದೆ.

ಮುರಿಗೆಪ್ಪನವರು ಒದ್ದರು. ಯಂತ್ರ ಮಾತಾಡಲಿಲ್ಲ. ಮತ್ತೆ ಮತ್ತೆ ಒದ್ದು ಬೆವೆತರು. ಕ್ಯಾಂಡಿಗೆ ಹೋಗಿ ಬರುವುದಕ್ಕೆ ಉಳಿದ ದಿನಗಳು ಹೇಗೋ ಸಾಕು. ಒಂದು ದಿನ ತಪ್ಪಿದರೂ ಸಾಲವು. ಅಂತೋಣಿಯವರು ಕೈ ತಟ್ಟಿದರು. ಓಣಿಯ ಗಂಡಸರೆಲ್ಲ ಬಂದು, ದೋಣಿಯನ್ನು ನೀರಿಗೆ ಇಳಿಸುವಾಗ ಹಾಕುವ ಕೂಗನ್ನು ಹಾಕುತ್ತ, ಹಿಂದಿನಿಂದ ತಳ್ಳತೊಡಗಿದರು. ನಾನೂ ತಳ್ಳಿದೆ. ಅಧಿಕಾರಿಗಳೂ ತಳ್ಳಿದರು. ಯಂತ್ರ ಕೆಮ್ಮಿತು, ಹೊಗೆಯ ಕೊಳವೆಯಲ್ಲಿ ಉಳಿದಿದ್ದ ನಾಲ್ಕಾರು ಮೆಣಸಿನಕಾಯಿಗಳನ್ನು ತಳ್ಳುವವರ ಮೇಲೆ ಉಗುಳಿತು, ಗುಡುಗಿತು, ಓಡಿತು.

"ಹತ್ರಿ ಮೇಷ್ಟ್ರೆ! ನಿಲ್ಸಿದ್ರೆ ಮತ್ತೆ ಏಳಲ್ಲ ಇದು! ಹತ್ರೀ!"

ನಾನು ಓಡಿದೆ. ಓಡುವ ವಾಹನವನ್ನು ಹತ್ತಬಾರದೆಂದು ಮಕ್ಕಳಿಗೆ ಬರೆಸುವವನು, ಊರವರೆಲ್ಲ ನೋಡುತ್ತಿರುವಾಗ, ಪಂಚೆಯನ್ನು ಎತ್ತಿ ಕಟ್ಟಿ, ತೆಂಗಿನ ಮರಗಳ ನಡುವಿನ ಆ ರಸ್ತೆಯಲ್ಲಿ ಬಾಯಿ ತೆರೆದುಕೊಂಡು ಓಡಿದೆ. ಮುರಿಗೆಪ್ಪನವರ ಅಂಗಿಯ ಹಿಂಭಾಗ ಕೈಗೆ ಸಿಕ್ಕಿತು. ಹಾರಿದೆ. ಹೇಗೆ ಕುಳಿತೆನೋ ತಿಳಿಯದು, ಕುಳಿತಿದ್ದೆ. ಹಿಂದಿನಿಂದ ದೊಡ್ಡ ಜಯಕಾರ ಕೇಳಿಸಿತು. ಗಾಳಿ ಮುಖಕ್ಕೆ ಬಡಿಯಿತು. ಮುರಿಗೆಪ್ಪನವರು ಒಂದು ದೀರ್ಘವಾದ ಕೂಗು ಹಾಕಿದರು. ಅದು ಯಾವ ಭಾಷೆಯದೂ ಅಲ್ಲ.

ಜಯಕಾರದ ನಡುವೆ ಒಂದು ಹೆಂಗಸಿನ ದನಿ ಎದ್ದು ಕೇಳಿಸಿತು. ತಿರುಗಿ ನೋಡಿದೆ. ದೂರದಲ್ಲಿ ಫಿಲೋಮಿನಮ್ಮನವರು ನಮ್ಮ ಟ್ರಂಕನ್ನು ಎರಡೂ ಕೈಗಳಿಂದ ತಲೆಯ ಮೇಲೆತ್ತಿ ಆಡಿಸುತ್ತಿದ್ದರು. ಪಕ್ಕದಲ್ಲಿ ಅಂತೋಣಿಯವರು ಹಾಸಿಗೆಯ ಸುರುಳಿಯನ್ನು ಹೆಗಲ ಮೇಲಿಟ್ಟುಕೊಂಡು ನಗುತ್ತ ನಿಂತಿದ್ದರು.

"ಏನಂತ್ರಿ?" ಎಂದು ಮುರಿಗೆಪ್ಪನವರು ಮುಂದೆಯೇ ನೋಡುತ್ತ ಕೂಗಿದರು. "ಯಾರೋ ಕರೀತಾರಲ್ವಾ? ನಿಲ್ಲಿಸ್ಲಾ?"

ನನ್ನ ಒಗೆದ ಬಟ್ಟೆ, ಕೋಟು, ಕ್ಷೌರದ ಸಾಮಾನು, ಹಲ್ಲುಪುಡಿ ಎಲ್ಲವೂ ಆ ಟ್ರಂಕಿನಲ್ಲಿದ್ದವು.

"ಬ್ಯಾಡ್ರಿ!" ಎಂದು ಕೂಗಿದೆ. "ಯಾರೂ ಕರೀತಿಲ್ಲ! ನಡೀರಿ, ನಡೀರಿ!"